ಸೋಮವಾರ ಬಂದು ನೋಡಿ

ಇದನ್ನು ಬರೆಯಬೇಕೆಂದು ಎಷ್ಟೋ ಸಲ ಕುಳಿತು ಹಾಗೇ ಎದ್ದು ಹೋಗಿದ್ದೇನೆ. ಕಣ್ಣಿನ ಪೊರೆ ತೆಗೆಸಿಕೊಂಡ ಮೇಲೆ ಬರೆಯೋಣ ಎಂದುಕೊಂಡೆ. ಆಮೇಲೆ ಕಬ್ಬು ಕಟಾವು ಮುಗಿಯಲಿ ಎಂದುಕೊಂಡೆ. ಎರಡೂ ಮುಗಿದವು. ನಿಜ ಹೇಳಬೇಕೆಂದರೆ ನನಗೆ ಹೆದರಿಕೆ. ನನ್ನ ಒಂದು ಮಾತಿನಿಂದ ಅಕ್ಕನ ಮಗಳ ಮದುವೆ ಮಾತು ಮುರಿಯಿತು. ಆ ಮಾತು ಆಡಿದವನು ನಾನೇ ಎಂದು ಅಕ್ಕನಿಗೆ ಇವತ್ತಿಗೂ ಗೊತ್ತಿಲ್ಲ. ಅವಳು ಆ ಪಾಪವನ್ನು ಬೇರೆಯವರ ತಲೆಗೆ ಕಟ್ಟಿದ್ದಾಳೆ. ಕಟ್ಟುವಾಗ ನಾನು ಎದುರಿಗೇ ಕುಳಿತಿದ್ದೆ.

ನಾನು ಎಸ್ಸೆಸ್ಸೆಲ್ಸಿ ಓದಿ, ಕೊಳ್ಳೇಗಾಲದಲ್ಲಿ ಒಂದು ಗೊಬ್ಬರದಂಗಡಿಯಲ್ಲಿ ಬಹಳ ವರ್ಷ ಕೆಲಸ ಮಾಡಿದವನು. ಅಂಗಡಿಗೆ ಬರುವವರಲ್ಲಿ ಯಾರು ಕುಡಿದು ಬಂದಿದ್ದಾರೆ, ಯಾರು ಸಾಲ ಕೇಳಲು ಬಂದಿದ್ದಾರೆ ಎಂದು ಬಾಗಿಲಲ್ಲೇ ಹೇಳಬಲ್ಲೆ ಎಂಬ ಜಂಬ ನನಗಿತ್ತು. ಜನರನ್ನು ನಂಬದೇ ಇರುವುದೇ ಬುದ್ಧಿವಂತಿಕೆ ಎಂದು ತಿಳಿದಿದ್ದೆ. ಕುಂತೂರಿನ ಕಡೆ ನನಗೆ ಸ್ವಲ್ಪ ಜಮೀನಿತ್ತು. ಅಕ್ಕನನ್ನು ಕೊಟ್ಟಿದ್ದ ಊರೇ ಅದು. ಭಾವನ ಹೊಲದ ಪಕ್ಕಕ್ಕೇ ನನ್ನ ಹೊಲ. ನನ್ನ ಕಬ್ಬನ್ನೂ ಅವರ ಟ್ರ್ಯಾಕ್ಟರ್‌ನಲ್ಲೇ ಕಾರ್ಖಾನೆಗೆ ಹೊಡೆಯುತ್ತಿದ್ದೆವು.

ಭಾವನ ಮನೆ ಎರಡು ಪಾಲಾಗಿತ್ತು. ಒಂದು ಕಡೆ ಅಕ್ಕ, ಭಾವ, ಮಗಳು. ಗೋಡೆಯ ಆಚೆ ಭಾವನ ತಮ್ಮ, ಅವನ ಹೆಂಡತಿ, ಅವರ ಮಗಳು. ಜಗಲಿ ಮಾತ್ರ ಒಂದೇ. ಅಕ್ಕನೂ ಅವಳ ವಾರಗಿತ್ತಿಯೂ ಬೆಳಗ್ಗೆ ಅಲ್ಲೇ ಕುಳಿತು ಸೊಪ್ಪು ಬಿಡಿಸುತ್ತಿದ್ದರು. ಒಂದು ಮನೆಯ ಸಾರು ಇನ್ನೊಂದು ಮನೆಗೆ ಹೋಗದ ದಿನವೇ ಇರಲಿಲ್ಲ. ಭಾವ ಊರಿನಲ್ಲಿ ಗೌರವಸ್ಥರು. ಹಣೆಯ ತುಂಬ ವಿಭೂತಿ. ಸೋಮವಾರ ಮಾದಪ್ಪನ ಹೆಸರಲ್ಲಿ ಒಪ್ಪತ್ತು ಇರುತ್ತಿದ್ದರು, ಅದೂ ಬಿಗಿಯಾದ ಒಪ್ಪತ್ತು. ಸಂಜೆ ದೀಪ ಹಚ್ಚಿ ಪೂಜೆ ಮುಗಿಯುವ ತನಕ ಟೀ ಕೂಡ ಇಲ್ಲ. ಊರಿಗೆಲ್ಲ ಇದು ಗೊತ್ತು.

ಮಗಳಿಗೆ ಯಳಂದೂರಿನ ಕಡೆಯಿಂದ ಒಳ್ಳೆಯ ಸಂಬಂಧ ಬಂದಿದ್ದ ವರ್ಷ ಅದು. ಹುಡುಗನ ಮನೆಯವರು ನಮ್ಮ ಜನವೇ, ನೀರಾವರಿ ಇದ್ದವರು, ನೇಮದವರು. ಹುಡುಗಿಯನ್ನು ಒಪ್ಪಿದ್ದರು. ಮಾತು ಕಟ್ಟುವುದೊಂದು ಬಾಕಿ.

ಆಗಲೇ ಶಾಲೆಯ ಜಗಲಿಯಲ್ಲಿ ಬಿಪಿ, ಸಕ್ಕರೆ ನೋಡುವ ಕ್ಯಾಂಪ್ ಇಟ್ಟರು. ನರ್ಸ್ ಒಬ್ಬೊಬ್ಬರನ್ನೇ ಕೂರಿಸಿಕೊಂಡು ಎಲ್ಲರಿಗೂ ಅದೇ ಪ್ರಶ್ನೆ ಕೇಳುತ್ತಿದ್ದರು. ಬೆಳಗ್ಗೆ ತಿಂಡಿ ತಿಂತೀರಾ, ಉಪ್ಪಿನಕಾಯಿ ಎಷ್ಟು, ಟೀ ಎಷ್ಟು ಸಲ, ರಾತ್ರಿ ಎಷ್ಟೊತ್ತಿಗೆ ಊಟ, ನಡೀತೀರಾ, ಬೀಡಿ, ಹೊಗೆಸೊಪ್ಪು, ಕುಡಿತ.

ನನ್ನ ಮುಂದೆ ಇದ್ದವನಿಗೆ ಕೇಳಿದರು, “ಬೀಡಿ?”

“ಬುಟ್ಬುಟ್ಟಿವ್ನಿ ಸಿಸ್ಟ್ರೇ.”

“ಯಾವಾಗ ಬಿಟ್ರಿ?”

“ಈಗ್ಲೇ, ಗೇಟ್‌ತಾವ.”

ಸಾಲಿನಲ್ಲಿದ್ದವರೆಲ್ಲ ನಕ್ಕರು. ನನ್ನ ಸರದಿ ಬಂದಾಗ ಹೊಗೆಸೊಪ್ಪು ಇಲ್ಲವೇ ಇಲ್ಲ ಎಂದೆ. ಎಲೆಯಡಿಕೆಯ ಜೊತೆ ಅದನ್ನು ದವಡೆಯಲ್ಲಿಟ್ಟುಕೊಂಡೇ ಬೆಳೆದವನು ನಾನು. ನರ್ಸ್ ನನ್ನ ಬಾಯಿ ನೋಡಿ, “ಹಲ್ಲೇ ಹೇಳ್ತಾವಲ್ಲ ಯಜಮಾನ್ರೇ, ನೀವ್ಯಾಕೆ ಹೇಳೀರಿ ಬುಡಿ” ಎಂದರು. ಮತ್ತೂ ನಗು.

ನನ್ನ ಹಿಂದೆ ಭಾವ ಇದ್ದರು. ಕುಡಿತ ಎಂದ ತಕ್ಷಣ “ಸಿವಸಿವಾ” ಎಂದರು. ಬೆರಳಿಗೆ ಚುಚ್ಚುವ ಸೂಜಿ ತೆಗೆದಾಗ ಮಾತ್ರ ಅವರ ಮುಖ ಬೇರೆಯಾಯಿತು. “ಟ್ರ್ಯಾಕ್ಟ್ರು ರೋಡ್ನಲ್ಲೇ ನಿಂತದೆ ಕಣಮ್ಮ, ಇನ್ನೊಂದಿನ ಬತ್ತೀನಿ” ಎಂದು ಎದ್ದು ಹೋದರು. ಟ್ರ್ಯಾಕ್ಟರ್ ಮನೆಯ ಮುಂದೆ ನೆರಳಲ್ಲಿ ನಿಂತಿದ್ದನ್ನು ನಾನು ಬರುವಾಗ ನೋಡಿದ್ದೆ.

ಈ ಮನುಷ್ಯ ರಕ್ತ ಕೊಡಲು ಯಾಕೆ ಹೆದರಿದ? ನನ್ನ ತಲೆಯಲ್ಲಿ ಹುಳು ಬಿಟ್ಟಂತಾಯಿತು. ಕುಡಿದಿದ್ದು ರಕ್ತದಲ್ಲಿ ಗೊತ್ತಾಗುತ್ತದೆ ಎಂದು ಎಲ್ಲೋ ಕೇಳಿದ್ದೆ. ಸುಳ್ಳು ಹೇಳಿ ಐದು ನಿಮಿಷವೂ ಆಗಿರಲಿಲ್ಲ, ನಾನು ಇನ್ನೊಬ್ಬರ ಸುಳ್ಳು ಹುಡುಕಲು ಹೊರಟೆ.

ಆಮೇಲೊಂದು ಸೋಮವಾರ ನನ್ನ ಕಬ್ಬಿನ ಲೋಡು ಹೋಗಿತ್ತು. ಕಾರ್ಖಾನೆಯ ಹೊರಗೆ ಟ್ರ್ಯಾಕ್ಟರ್‌ಗಳು ಉದ್ದಕ್ಕೂ ಸಾಲು ನಿಂತಿದ್ದವು. ಸಾಲು ಮುಂದೆ ಸರಿದರೂ ನಮ್ಮದು ಸರಿಯಲಿಲ್ಲ. ಹಿಂದಿನವರು ಬೈಯುತ್ತಿದ್ದರು. ಹೋಗಿ ನೋಡಿದರೆ ಭಾವ ಸ್ಟೇರಿಂಗ್ ಮೇಲೆ ಹಣೆ ಇಟ್ಟುಕೊಂಡಿದ್ದರು. ಚಳಿಗಾಲದಲ್ಲಿ ಅಂಗಿ ಬೆವತು ಬೆನ್ನಿಗೆ ಅಂಟಿತ್ತು. ಕೈ ನಡುಗುತ್ತಿತ್ತು. ಎಬ್ಬಿಸಿದರೆ ಎಂದೂ ಕೆಟ್ಟ ಮಾತಾಡದ ಮನುಷ್ಯ, “ಯಾವನ್ಲಾ ನೀನು, ಕೈ ತಗಿ” ಎಂದು ತೊದಲಿದರು. ಇಳಿಸಿದರೆ ಕಾಲು ಸೊಟ್ಟಗೆ ಹೋಯಿತು.

“ಯಜಮಾನ್ರು ಬೆಳಗ್ಗೇನೇ ಏರ್ಸವ್ರೆ” ಎಂದ ಹಿಂದಿನ ಡ್ರೈವರ್.

ನಾನು ಮೂಸಿ ನೋಡಿದೆ. ಅಲ್ಲಿ ಗಾಳಿಯಲ್ಲೇ ಕಾಕಂಬಿಯ ಹುಳಿ ವಾಸನೆ ಇರುತ್ತದೆ, ಸಕ್ಕರೆ ತೆಗೆದ ಮೇಲೆ ಉಳಿಯುವ ಕಪ್ಪು ಪಾಕದ್ದು. ಅದು ಅವರ ಬಾಯಿಯಿಂದಲೇ ಬಂತು ಎಂದು ನನ್ನ ಮೂಗಿಗೆ ಖಾತ್ರಿಯಾಯಿತು. ಟೀ ಅಂಗಡಿಯವನು ಎರಡು ಚಮಚ ಸಕ್ಕರೆ ಹೆಚ್ಚಿಗೆ ಹಾಕಿ ಟೀ ಕೊಟ್ಟ. ಕುಡಿಸಿದೆವು. ಸ್ವಲ್ಪ ಹೊತ್ತಿಗೆ ಭಾವ ಎಚ್ಚರಾದರು. ಸುತ್ತ ನೋಡಿ, ಲೋಟ ನೋಡಿ, ಕಣ್ಣು ತುಂಬಿಕೊಂಡು, “ಒಪ್ಪತ್ತು ಕೆಡಿಸ್ಬುಟ್ರಲ್ಲೋ” ಎಂದರು.

ಕುಡಿದವನು ಆಡುವ ನಾಟಕ ಎಂದುಕೊಂಡೆ. ಅಮಲು ಟೀಗೆ ಇಳಿಯಿತು ಎಂದುಕೊಂಡೆ. ಆಮೇಲೆ ಸೋಮವಾರಗಳನ್ನು ಕಾಯತೊಡಗಿದೆ. ಮಂಗಳವಾರ ಸರಿಯಿರುತ್ತಿದ್ದರು, ಗುರುವಾರ ಸರಿಯಿರುತ್ತಿದ್ದರು. ಸೋಮವಾರ ಹೊತ್ತೇರಿದ ಮೇಲೆ ಮಾತು ದಪ್ಪವಾಗುತ್ತಿತ್ತು, ಜಗಲಿಯ ಕಂಬ ಹಿಡಿದು ಕೂರುತ್ತಿದ್ದರು. ಭಾನುವಾರ ರಾತ್ರಿ ಎಲ್ಲೋ ಕುಡಿಯುತ್ತಾರೆ, ಸೋಮವಾರ ಯಾರೂ ಊಟಕ್ಕೆ ಕರೆಯಬಾರದು, ಹತ್ತಿರ ಕೂರಬಾರದು ಎಂದು ಒಪ್ಪತ್ತನ್ನು ಅಡ್ಡ ಇಟ್ಟುಕೊಂಡಿದ್ದಾರೆ. ಹೀಗೆ ಲೆಕ್ಕ ಹಾಕಿದೆ. ಎಷ್ಟು ಚೆನ್ನಾಗಿ ಕೂಡಿತೆಂದರೆ ನನ್ನ ಬುದ್ಧಿಗೆ ನಾನೇ ಮೆಚ್ಚಿದೆ.

ಅಕ್ಕನನ್ನು ಕೇಳಿದೆ. ಅವಳು ಒಲೆಯ ಮುಂದೆ ಮುದ್ದೆ ತೊಳಸುತ್ತಿದ್ದಳು.

“ಭಾವಂಗೆ ಏನಕ್ಕ ಆಗದೆ?”

“ಏನಾಗದೆ? ಬಿಸ್ಲು ಕಣಪ್ಪ.”

“ಚಳಿಗಾಲ್ದಲ್ಲಿ ಯಾವ ಬಿಸ್ಲು?”

ಅವಳು ಕೋಲು ತಿರುಗಿಸುವುದನ್ನು ನಿಲ್ಲಿಸಲಿಲ್ಲ. “ನೀನು ಊಟ ಮಾಡ್ತೀಯಾ, ಓಯ್ತೀಯಾ?”

“ಮುಚ್ಚಿಡ್ಬೇಡ ಅಕ್ಕ. ನಾಳೆ ಬೀಗ್ರಿಗೆ ಗೊತ್ತಾದ್ರೆ ಏನ್ ಏಳ್ತೀಯ?”

ಆಗ ಅವಳು ತಿರುಗಿದಳು. ಮುಖದಲ್ಲಿ ಭಯವಿತ್ತು. “ನಿನ್ನ ದಮ್ಮಯ್ಯ, ಅವ್ರ ಮುಂದೆ ಏನೂ ಮಾತಾಡ್ಬೇಡ ಕಣೋ” ಎಂದಳು. ಅಲ್ಲಿಗೆ ನನಗೆ ಇನ್ನೇನೂ ಬೇಕಿರಲಿಲ್ಲ.

ಕೆಲವು ದಿನಗಳ ಮೇಲೆ ಹುಡುಗನ ಚಿಕ್ಕಪ್ಪ ಅಂಗಡಿಗೆ ಬಂದರು. ಗೊಬ್ಬರಕ್ಕೆ ಬಂದವರಲ್ಲ ಎಂದು ಬಾಗಿಲಲ್ಲೇ ಗೊತ್ತಾಯಿತು. ಎದುರಿನ ಹೋಟೆಲಿಗೆ ಕರೆದುಕೊಂಡು ಹೋಗಿ ಕಾಫಿ ಹೇಳಿದರು.

“ನೀವು ಸೋದರಮಾವ. ನಿಮ್ಮ ಮಾತ್ಗೆ ತೂಕ ಅದೆ. ಮನೆತನದ ಬಗ್ಗೆ ಎರಡು ಮಾತಿಲ್ಲ. ಆದ್ರೂ ಕೇಳ್ಬೇಕಲ್ವಾ, ನಿಮ್ ಬಾವನೋರ್ಗೆ ಏನಾದ್ರೂ ಅಭ್ಯಾಸ ಇದ್ದಾದಾ?”

ಇಲ್ಲ ಎನ್ನಬಹುದಿತ್ತು. ನನಗೆ ಗೊತ್ತಿಲ್ಲ ಎಂದಿದ್ದರೂ ಸಾಕಿತ್ತು, ಅದು ನಿಜವೂ ಆಗಿತ್ತು. ಸತ್ಯವಂತನಾಗಬೇಕು ಅನ್ನಿಸಿತು ಎಂದು ಬಹಳ ವರ್ಷ ನನಗೆ ನಾನೇ ಹೇಳಿಕೊಂಡೆ. ಈಗ ಆ ಮಾತನ್ನೂ ನಂಬುವುದಿಲ್ಲ. ಊರೆಲ್ಲ ಎದ್ದು ನಿಂತು ಕೈಮುಗಿಯುವ ಮನುಷ್ಯನ ಒಂದು ಕೊಳೆ ನನಗೊಬ್ಬನಿಗೇ ಕಂಡಿದೆ ಎಂಬ ಖುಷಿ ಅದರಲ್ಲಿ ಇತ್ತು.

“ಸೋಮ್ವಾರ ಬಂದು ನೋಡಿ. ಏಳ್ದೆ ಬನ್ನಿ” ಎಂದೆ. ಇಷ್ಟೇ.

ಅವರು ಕಾಫಿ ಅರ್ಧ ಬಿಟ್ಟು ಎದ್ದರು.

ಬಂದರು. ಸೋಮವಾರ, ಮಧ್ಯಾಹ್ನದ ಹೊತ್ತಿಗೆ, ಹೇಳದೆ. ಅಕ್ಕ ಹೊಲಕ್ಕೆ ಹೋಗಿದ್ದಳು. ಭಾವ ಜಗಲಿಯ ಮೇಲೆ ಗೋಡೆಗೆ ಒರಗಿ ಬೆವರುತ್ತಿದ್ದರು. ವಾರಗಿತ್ತಿ ಪಕ್ಕದ ಬಾಗಿಲಿಂದ ಬಂದು ಚಾಪೆ ಹಾಸಿ, ನೀರು ತಂದಿಟ್ಟು, “ಕೂತ್ಕಳಿ, ಅಕ್ಕನ್ನ ಕರಸ್ತೀನಿ” ಎಂದಳಂತೆ. ಭಾವ ಬಂದವರನ್ನು ಗುರುತು ಹಿಡಿಯಲಿಲ್ಲ. ಏನೋ ತೊದಲಿ, ಏಳಲು ಹೋಗಿ, ಚಾಪೆಯ ಮೇಲೇ ಬಿದ್ದರು. ಬಂದವರು ನೀರು ಮುಟ್ಟದೆ ಕಾರು ಹತ್ತಿದರು. ಸಂಜೆ ಫೋನ್ ಬಂತು, ಹುಡುಗನಿಗೆ ಈ ವರ್ಷ ಕಂಕಣ ಕೂಡಿಬರುವುದಿಲ್ಲವಂತೆ ಎಂದು.

ಆ ರಾತ್ರಿ ನಾನು ಅಕ್ಕನ ಮನೆಗೆ ಹೋದೆ. ಹುಡುಗಿ ಒಳಗೆ ಮಲಗಿದ್ದಳು, ಎದ್ದು ಬಂದು ಮಾತಾಡಿಸಲಿಲ್ಲ. ಅಕ್ಕ ಕೇಳಿದ್ದು ಒಂದೇ.

“ಅವ್ರ್ಗೆ ಇವತ್ತೇ ಬನ್ನಿ ಅಂತ ಯಾರೋ ಏಳವ್ರೆ. ಯಾರ್ಲಾ?”

“ಯಾರೋ ಏನೋ” ಎಂದೆ.

ಅಕ್ಕ ಗೋಡೆಯ ಆಚೆಗೆ ಕೈ ತೋರಿಸಿದಳು. “ಇವ್ಳೇ. ನಾನು ಒಲಕ್ಕೆ ಓಗೋದ್ನೇ ಕಾಯ್ಕಂಡಿದ್ಲು. ಚಾಪೆ ಆಸಿ ಕೂರ್ಸವ್ಳೆ, ನೀರು ಕೊಟ್ಟವ್ಳೆ. ಅವಳ ಮಗ್ಳುಗೆ ಇನ್ನೂ ಗಂಡು ಸಿಕ್ಕಿಲ್ಲ ಅಂತ ಒಟ್ಟೆಯುರಿ.”

ನಾನು ಅಲ್ಲ ಎನ್ನಲಿಲ್ಲ. “ಇರ್ಬೋದು” ಎಂದೆ. ಹೌದು, ಆ ಮಾತನ್ನೂ ಆಡಿದೆ.

ಮಾರನೆಯ ದಿನ ಅಕ್ಕ ಸೊಪ್ಪಿನ ಮೊರ ಎತ್ತಿಕೊಂಡು ಹಿತ್ತಲಿಗೆ ಹೋದಳು. ವಾರಗಿತ್ತಿ ಏನೂ ತಿಳಿಯದೆ ಸಾರಿನ ಪಾತ್ರೆ ತಂದರೆ ಬಾಗಿಲು ಮುಚ್ಚಿದಳು. ಸ್ವಲ್ಪ ದಿನಕ್ಕೆ ಜಗಲಿಯ ನಡುವೆಯೂ ಇಟ್ಟಿಗೆ ಗೋಡೆ ಎದ್ದಿತು.

ಮಳೆಗಾಲಕ್ಕೆ ಮೊದಲು ಒಂದು ಸೋಮವಾರ ಭಾವ ಹೊಲದಲ್ಲಿ ಪೂರ್ತಿ ಪ್ರಜ್ಞೆ ತಪ್ಪಿದರು. ಕೊಳ್ಳೇಗಾಲದ ಆಸ್ಪತ್ರೆಗೆ ನಾನೇ ಬಾಡಿಗೆ ಕಾರಿನಲ್ಲಿ ಹಾಕಿಕೊಂಡು ಹೋದೆ, ಜೊತೆಗೆ ಅಕ್ಕ. ಡಾಕ್ಟರಿಗೆ ಮೆಲ್ಲಗೆ, “ಕುಡೀತಾರೆ ಸಾ” ಎಂದೆ. ಅವರು ಬೆರಳಿಗೆ ಚುಚ್ಚಿ ನೋಡಿದರು. “ಯಾರ್ರೀ ಹೇಳಿದ್ದು? ಸಕ್ಕರೆ ತೀರಾ ಇಳಿದುಹೋಗಿದೆ” ಎಂದು ನರಕ್ಕೆ ಗ್ಲೂಕೋಸ್ ಕೊಟ್ಟರು. ಅಕ್ಕನನ್ನು ಕೇಳಿದರು, “ಶುಗರ್ ಮಾತ್ರೆ ತಗೋತಾರಾ? ಬೆಳಗ್ಗೆ ಏನು ತಿಂದಿದ್ರು?”

ಅಕ್ಕ ಆಗ ಬಾಯಿ ಬಿಟ್ಟಳು. ಎರಡು ವರ್ಷದಿಂದ ಸಕ್ಕರೆ ಕಾಯಿಲೆ. ಮಾತ್ರೆಯನ್ನು ಒಂದು ದಿನವೂ ತಪ್ಪಿಸಬೇಡಿ ಎಂದು ಮೈಸೂರಿನಲ್ಲಿ ಹೇಳಿದ್ದರು, ತಪ್ಪಿಸಲಿಲ್ಲ. ಮಾದಪ್ಪನ ಒಪ್ಪತ್ತನ್ನೂ ತಪ್ಪಿಸಲಿಲ್ಲ. ಸೋಮವಾರವೂ ಬೆಳಗ್ಗೆ ಮಾತ್ರೆ ನುಂಗಿ, ಸಂಜೆಯ ತನಕ ಬರಿಹೊಟ್ಟೆ. ಮಾತ್ರೆ ತನ್ನ ಕೆಲಸ ಮಾಡುತ್ತಿತ್ತು. ಕಾಯಿಲೆಯ ವಿಷಯ ಹೊರಗೆ ಬಂದರೆ ಮಗಳಿಗೆ ಸಂಬಂಧ ಬರುವುದಿಲ್ಲ ಎಂದು ಯಾರಿಗೂ ಹೇಳಕೂಡದೆಂದು ಭಾವ ಅವಳಿಂದ ಆಣೆ ಹಾಕಿಸಿಕೊಂಡಿದ್ದರು. ಸೂಜಿ ಕಂಡು ಎದ್ದು ಹೋದದ್ದೂ ಅದಕ್ಕೇ.

ಎಚ್ಚರವಾದ ಮೇಲೆ ಭಾವನ ಕಾಲು ಹಿಡಿದು, ನಿಮ್ಮನ್ನು ಕುಡುಕ ಎಂದುಕೊಂಡಿದ್ದೆ ಎಂದೆ. ಅವರು ನಕ್ಕರು. “ನಾನೇ ಬಚ್ಚಿಟ್ಟಿದ್ದೆ ಕಣ್ಲಾ. ಕಳ್ಳನ ತರ ಮಾತ್ರೆ ನುಂಗಿದ್ರೆ ನೋಡ್ದೋರು ಏನಂದ್ಕಬೇಕು?” ಉಳಿದರ್ಧ ಹೇಳಲಿಲ್ಲ.

ಯಳಂದೂರಿಗೆ ಹೋಗಿ ಹುಡುಗನ ಚಿಕ್ಕಪ್ಪನಿಗೆ ನಿಜ ತಿಳಿಸಿದೆ. ಅವರು ಎಲ್ಲವನ್ನೂ ಕೇಳಿ, “ಕುಡಿತ ಆಗಿದ್ರೆ ಬುಡ್ಸ್ಬೋದಾಗಿತ್ತು ಕಣ್ರಿ. ಸಕ್ಕರೆ ಕಾಯ್ಲೆ ಮಕ್ಳಿಗೂ ಬತ್ತದೆ” ಎಂದರು. ಬಸ್ಸಿನಲ್ಲಿ ಬರುವಾಗ ನನಗೆ ನಾಚಿಕೆಯಾಗುವಷ್ಟು ನೆಮ್ಮದಿಯಾಯಿತು. ಹೇಗಿದ್ದರೂ ಮುರಿಯುತ್ತಿತ್ತು, ನನ್ನದೇನೂ ಇಲ್ಲ ಎಂದು. ಹುಡುಗಿಗೂ ಮುಂದಿನ ವರ್ಷವೇ ಹನೂರಿನ ಕಡೆ ಮದುವೆಯಾಯಿತು, ಚೆನ್ನಾಗಿದ್ದಾಳೆ. ಈ ನೆಮ್ಮದಿಯೊಳಗೆ ಬಹಳ ವರ್ಷ ಅಡಗಿಕೊಂಡಿದ್ದೆ. ಆದರೆ ಜಗಲಿಯ ಗೋಡೆ ಹಾಗೇ ಇತ್ತು.

ಭಾವ ಈಗಿಲ್ಲ. ಕಾಯಿಲೆ ಮೂತ್ರಪಿಂಡಕ್ಕೆ ಇಳಿದು ಹೋದರು. ಕಡೆಯವರೆಗೂ ಸೋಮವಾರ ಮಧ್ಯಾಹ್ನ ಡಾಕ್ಟರ್ ಮಾತಿಗೆ ಊಟ ಮಾಡುತ್ತಿದ್ದರು, ಮಾದಪ್ಪನ ಪಟದ ಕಡೆ ಬೆನ್ನು ಮಾಡಿ ಕುಳಿತು. ನನಗೂ ಈಗ ಬಿಪಿ, ಸಕ್ಕರೆ ಎರಡೂ ಇವೆ. ಹೊಗೆಸೊಪ್ಪು ಬಿಟ್ಟಿದ್ದೇನೆ. ಕೆಲಸ ಬಿಟ್ಟ ಮೇಲೆ ಹೊಲದ ಮನೆಯಲ್ಲೇ ಇದ್ದೇನೆ. ತಿಂಗಳಿಗೊಮ್ಮೆ ಊರಿನ ಉಪಕೇಂದ್ರದಲ್ಲಿ ಮಾತ್ರೆ ಕೊಡುತ್ತಾರೆ. ಆ ಸಾಲಿನಲ್ಲಿ ಅಕ್ಕ ಇರುತ್ತಾಳೆ, ಅವಳ ವಾರಗಿತ್ತಿಯೂ ಇರುತ್ತಾಳೆ. ಒಬ್ಬರು ಬಂದರೆ ಇನ್ನೊಬ್ಬರು ಸರಿದು ನಿಲ್ಲುತ್ತಾರೆ.

ಹೋದ ತಿಂಗಳು ವಾರಗಿತ್ತಿ ನನ್ನ ಪಕ್ಕಕ್ಕೆ ಬಂದು, “ಅಣ್ಣ, ತಿಂಡಿ ತಿಂದ್ಕಂಡು ಬಂದ್ರಾ? ಬರೀ ಒಟ್ಟೇಲಿ ಮಾತ್ರೆ ನುಂಗ್ಬೇಡಿ” ಎಂದಳು. ಮಾಮೂಲಿ ಮಾತೇ. ಆದರೆ ಅವಳ ಕಣ್ಣು ನನ್ನ ಮೇಲೆ ಇರಬೇಕಾದ್ದಕ್ಕಿಂತ ಹೆಚ್ಚು ಹೊತ್ತು ನಿಂತಿತೇನೋ ಅನ್ನಿಸಿತು. ಯಳಂದೂರಿನವರು ಯಾರಾದರೂ ಹೇಳಿರಬಹುದೇ? ಅವಳಿಗೆ ಗೊತ್ತಿದ್ದೂ ಸುಮ್ಮನಿದ್ದಾಳೆಯೇ? ಜನರ ಮುಖ ಓದುತ್ತೇನೆ ಎಂದುಕೊಂಡಿದ್ದವನಿಗೆ ಆ ಮುಖದಲ್ಲಿ ಏನೂ ಓದಲಾಗಲಿಲ್ಲ. “ತಿಂದೆ ಕಣಮ್ಮ” ಎಂದೆ. ಆಚೆ ಕಡೆಯಿಂದ ಅಕ್ಕ ನನ್ನನ್ನು ನೋಡುತ್ತಿದ್ದಳು, ಅವಳ ಹತ್ತಿರ ಯಾಕೆ ಮಾತಾಡಿದೆ ಎನ್ನುವಂತೆ.

ನಿಜ ಹೇಳಿದರೆ ಅಕ್ಕನ ಬಾಗಿಲು ನನಗೆ ಮುಚ್ಚುತ್ತದೆ. ಈ ವಯಸ್ಸಿನಲ್ಲಿ ನನಗೆ ಉಳಿದಿರುವುದು ಆ ಬಾಗಿಲೊಂದೇ. ಅದಕ್ಕಾಗಿ ಇಷ್ಟು ವರ್ಷ ಇನ್ನೊಬ್ಬಳ ಮುಖಕ್ಕೆ ಬಾಗಿಲು ಮುಚ್ಚಿಸಿದ್ದೇನೆ. ಭಾವನ ಕಾಲು ಹಿಡಿದಿದ್ದೇನೆ. ಅಕ್ಕನ ಮಗಳ ಕೈ ಹಿಡಿದು ತಪ್ಪಾಯಿತು ಎಂದಾಗ ಅವಳು ಯಾವುದಕ್ಕೆ ಎಂದೂ ಕೇಳದೆ, “ಬುಡು ಮಾವ” ಎಂದಿದ್ದಾಳೆ. ನಾನು ಒಂದು ಸಲವೂ ತಪ್ಪಾಯಿತು ಎನ್ನದೆ ಉಳಿಸಿಕೊಂಡಿರುವುದು ಒಬ್ಬಳ ಹತ್ತಿರ ಮಾತ್ರ, ಆವತ್ತು ಬಂದವರಿಗೆ ಮರ್ಯಾದೆಯಿಂದ ಚಾಪೆ ಹಾಸಿ ನೀರು ಕೊಟ್ಟ ನನ್ನ ಅಕ್ಕನ ವಾರಗಿತ್ತಿ.