ಚಿಗವ್ವ ಹಾರೆ ಹಾಕಿದ ಒಲೆ

ಕಣಗಲಾ ಊರಿನ ಹೆದ್ದಾರಿ ಬದಿಯ ಚಹಾದಂಗಡಿಯಲ್ಲಿ ಗೋಕಾಕದ ಬಸ್ಸಿಗೆ ಕಾಯುತ್ತ ಕೂತಿದ್ದೆ. ಅಂಗಡಿಯಾಕೆ ಮಣ್ಣಿನ ಒಲೆಗೆ ಹಸಿ ಕಟ್ಟಿಗೆ ತುರುಕಿದಳು. ಹೊಗೆಗೂ ನನಗೂ ಅದೇನು ನಂಟೋ, ಎಲ್ಲಿ ಕೂತರೂ ನನ್ನ ಮೂಗನ್ನೇ ಹುಡುಕಿಕೊಂಡು ಬರುತ್ತದೆ. ಆಕೆ ಕೆಮ್ಮಿದಳು. ಆ ಕೆಮ್ಮಿನ ಗುರುತು ನನಗಿತ್ತು.

ನಾಗನೂರಿನ ನಮ್ಮ ಗಾಣದಲ್ಲಿ ಬೆಲ್ಲದ ಒಲೆಗೆ ಉರಿ ಹಾಕುತ್ತಿದ್ದವಳು ಚಿಗವ್ವ, ನನ್ನ ಕಾಕಾನ ಹೆಂಡತಿ. ಕಾಕಾ ಮೇಲೆ ನಿಂತು ಕೊಪ್ಪರಿಗೆಯ ಹದ ನೋಡುವುದು, ಈಕೆ ಕೆಳಗೆ ಒಲೆಯ ಬಾಯಿಗೆ ಕಬ್ಬಿನ ಸಿಪ್ಪೆ ನೂಕುವುದು. ಪೂಜೆ ಮಾಡಿ ಉರಿ ಇಟ್ಟ ಮೇಲೆ ಹಂಗಾಮು ಮುಗಿಯುವ ತನಕ ಒಲೆಯ ಗೋಡೆಗೆ ಹಾರೆ ತಾಗಿಸಬಾರದು, ಅದು ಮನೆಯ ಕಟ್ಟಳೆ. ಹೊಗೆಯಿಂದ ದೂರ ನಿಂತವರಿಗೆ ಕಟ್ಟಳೆ ಸಲೀಸು. ಕಾಲೇಜಿನ ರಜೆಗೆ ಬಂದು ಬಿಸಿ ಬೆಲ್ಲ ನೆಕ್ಕುತ್ತಿದ್ದ ನನಗಂತೂ ಬಹಳ ಸಲೀಸು.

ಆ ವರ್ಷ ಸಿಪ್ಪೆ ಸರಿಯಾಗಿ ಒಣಗಿರಲಿಲ್ಲ. ಒಂದು ಮಧ್ಯಾಹ್ನ ಚಿಗವ್ವ ಕೆಮ್ಮಿ ಕೆಮ್ಮಿ ಒಲೆಯ ಮುಂದೆಯೇ ಕುಸಿದಳು. ಉಸಿರು ಮೇಲೆ ಬರಲೊಲ್ಲದು. ನಾನು ನೀರಿಗೆ ಓಡಿದೆ. ಹೊಗೆಯಲ್ಲಿ ಏನೂ ಕಾಣದ ಕಾಕಾ ಮೇಲಿನಿಂದ ಕೂಗಿದ: "ಉರಿ ಆರಾಕತ್ತೈತಿ! ಏನ್ ಮಾಡಾಕತ್ತೀ ಕೆಳಗ?"

ನಾನು ಕೊಟ್ಟ ನೀರು ಕುಡಿದು ಚಿಗವ್ವ ಎದ್ದಳು. "ಹಾರಿ ಕೊಡೋ ತಮ್ಮಾ."

"ಕಾಕಾ ಬೈತಾನ, ಚಿಗವ್ವಾ."

"ಬೈಯಲಿ. ಬೈಸ್ಕೊಳ್ಳಾಕರ ಉಸುರ ಬೇಕಲ್ಲ."

ಗಾಳಿ ಸಿಕ್ಕರೆ ಹೊಗೆಯೂ ಉರಿದುಹೋದೀತೆಂದು ಉರಿಯ ಮೇಲ್ಭಾಗದ ಗೋಡೆಗೆ ಸಣ್ಣ ತೂತು ಹಾಕಿದಳು. ಹೊಕ್ಕ ಗಾಳಿ ಒಳಗಿನ ಬಿಸಿ ಹರಿವಿಗೆ ತಾಳದೆ ಬಾಗಿ, ಗೋಡೆಗುಂಟ ಹೋಗಿಬಿಟ್ಟಿತು. ತುಂಬಿದ ಘಟಪ್ರಭೆಗೆ ಇಳಿದು, ತೋಳಲ್ಲಿ ಬಲವಿಲ್ಲದೆ ದಂಡೆಗುಂಟವೇ ತೇಲಿಹೋದವರ ಹಾಗೆ. ಹೊಗೆ ಇನ್ನೂ ದಟ್ಟವಾಯಿತು. ಅಷ್ಟರಲ್ಲಿ ಕಾಕಾ ಇಳಿದು ಬಂದ.

"ಪೂಜಿ ಮಾಡಿದ ಒಲಿಗೆ ಹಾರಿ ಹಚ್ಚಿದೇನ?" ಎಂದು ಹಾರೆಗೆ ಕೈ ಹಾಕಿದ. ಚಿಗವ್ವ ಬಿಡಲಿಲ್ಲ. ತೂತನ್ನು ಮುಷ್ಟಿಯಷ್ಟು ಅಗಲ ಮಾಡಿದಳು. ಸುಂಯ್ ಎಂದು ಗಾಳಿ ಒಲೆಯ ನಡುಮಧ್ಯಕ್ಕೆ ನುಗ್ಗಿತು. ಹೊಗೆಗೇ ಬೆಂಕಿ ಹತ್ತಿತು. ಮೇಲೆ ಕಬ್ಬಿನ ಹಾಲು ಬುಸುಗುಟ್ಟಿತು.

"ನೀವು ಮ್ಯಾಲ ಹೋಗ್ರಿ, ಉಕ್ಕತೈತಿ," ಎಂದಳು. ಕಾಕಾ ಓಡಿದ.

ಮರುವರ್ಷ ಹೊಸ ಒಲೆ ಕಟ್ಟಿದಾಗ, ಪೂಜೆಗೆ ಮೊದಲೇ ಕಾಕಾ ತಾನೇ ಹಾರೆ ಹಿಡಿದು ಕೇಳಿದ: "ಎಲ್ಲಿ ಇಡೂನು ತೂತ?" ಚಿಗವ್ವ ಬೇವಿನ ನೆರಳಲ್ಲಿ ಕೂತು ಬೆರಳು ತೋರಿಸಿದಳು. ನಾಲ್ಕು ಹೆಜ್ಜೆ ನಡೆಯಲೂ ಅವಳ ಎದೆಯಲ್ಲಿ ಉಸಿರು ಉಳಿದಿರಲಿಲ್ಲ. ಮೊದಲೇ ಕೇಳಬಾರದಿತ್ತೇ ಎಂದು ನನಗೆ ಇವತ್ತಿಗೂ ಸಿಟ್ಟು ಬರುತ್ತದೆ.

ಅಂಗಡಿಯಾಕೆ ಮತ್ತೆ ಕೆಮ್ಮಿದಳು. ನಾನು ಎದ್ದೆ.

"ಅಕ್ಕಾರ, ಕಬ್ಬಿಣದ ಸಳಿ ಐತೇನ್ರಿ?"

"ಯಾಕ್ರಿ, ನನ್ನ ಒಲಿ ಒಡೀತೀರೇನು?"

"ಹೌದ್ರಿ."

ಆಕೆ ನನ್ನನ್ನೊಮ್ಮೆ, ರಸ್ತೆಯನ್ನೊಮ್ಮೆ ನೋಡಿದಳು. "ನಿಮ್ಮ ಬಸ್ ಬಂತಲ್ರಿ!"

"ಹೋಗ್ಲಿ ಬಿಡ್ರಿ," ಎಂದು ಅಂಗಿಯ ತೋಳು ಮಡಚಿದೆ.