ಕ್ಯಾಲೆಂಡರಿನ ಕೆರೆ

ಕೆರೆ ನೋಡಲು ಮುಕ್ಕಾಲು ಗಂಟೆ, ಊಟಕ್ಕೆ ಎರಡು ಗಂಟೆ. ಸಿಕ್ಕಿಂ ಪ್ರವಾಸವನ್ನು ಹೀಗೆ ಯೋಜಿಸಿದ ಪುಣ್ಯಾತ್ಮ ನಾನೇ. ಹಿಮದ ಬೆಟ್ಟಗಳ ನಾಡಿಗೆ ಹೊರಟು, ಒಂದು ಸಸ್ಯಾಹಾರಿ ಹೋಟೆಲಿನಿಂದ ಇನ್ನೊಂದಕ್ಕೆ ಓಡುವ ಹಾಗೆ ಮೂರು ದಿನದ ಪ್ಲಾನ್ ಹಾಕಿದ್ದೆ. ನಡುವೆ ಬೆಟ್ಟ ಏನಾದರೂ ಅಡ್ಡ ಬಂದರೆ ನೋಡಿಕೊಳ್ಳಬಹುದಿತ್ತು. ತಪ್ಪು ನನ್ನೊಬ್ಬನದೇ ಅಲ್ಲ. ನಾನು ಕರೆದುಕೊಂಡು ಹೊರಟಿದ್ದು ನೀಲಕ್ಕನನ್ನ.

ಹೂಡಿಯಲ್ಲಿ ನಮ್ಮ ಆಫೀಸಿನ ಹಿಂದಿನ ಗಲ್ಲಿಯಲ್ಲಿ ನೀಲಕ್ಕನ ಖಾನಾವಳಿ ಇತ್ತು. ವಿಜಯಪುರದ ಕಡೆಯವರು. ಗಾರೆ ಕೆಲಸದವರು, ಗೇಟಿನ ಸೆಕ್ಯೂರಿಟಿಯವರು, ಕುತ್ತಿಗೆಗೆ ಐಡಿ ಕಾರ್ಡು ನೇತುಹಾಕಿಕೊಂಡ ನನ್ನಂಥ ಗೂಳಿಗಳು, ಎಲ್ಲರಿಗೂ ಒಂದೇ ಬೆಂಚು. ರೊಟ್ಟಿ ಬಡಿಯುವ ಸದ್ದು ಮೇನ್ ರೋಡಿಗೆ ಕೇಳುತ್ತಿತ್ತು, ಅದಕ್ಕಿಂತ ಜೋರಾಗಿ ನೀಲಕ್ಕನ ದನಿ. ಅವರ ರಾಜ್ಯದಲ್ಲಿ ಕಾನೂನು ಒಂದೇ: ಏನೇ ಆಗಲಿ, ಮೊದಲು ಊಟ.

ನನ್ನನ್ನು ಕೆಲಸದಿಂದ ತೆಗೆದ ದಿನ, ಮುಖಕ್ಕೆ ತಕ್ಕಷ್ಟು ದುಃಖ ಬಳಿದುಕೊಂಡು ಅಲ್ಲಿಗೆ ಹೋಗಿದ್ದೆ. ದಾರಿಯುದ್ದಕ್ಕೂ ಡೈಲಾಗ್ ರೆಡಿ ಮಾಡಿಕೊಂಡಿದ್ದೆ. "ಅಕ್ಕಾ, ನನ್ ಲೈಫೇ..." ಅನ್ನುವಷ್ಟರಲ್ಲಿ ತಟ್ಟೆ ಬಂತು.

"ಮೊದಲ ಉಣ್ಣು ತಮ್ಮಾ. ಆಮ್ಯಾಲ ಅಳುವಂತಿ. ಹಸದ ಹೊಟ್ಟಿಲೆ ಅತ್ರ ದನಿ ಏಳಂಗಿಲ್ಲ."

ನಾಲ್ಕು ರೊಟ್ಟಿ, ಎಣ್ಣೆಗಾಯಿ, ಮೇಲೊಂದು ಲೋಟ ಮಜ್ಜಿಗೆ ಆದ ಮೇಲೆ ಅಳು ಎಲ್ಲಿ ಹೋಯಿತೋ ಗೊತ್ತಿಲ್ಲ. ತೇಗು ಬಂತು.

ಅವರ ದನಿಯನ್ನು ನಾನು ಬೆಂಚಿನ ಮೇಲೆ ನಿಂತು ಅನುಕರಿಸುತ್ತಿದ್ದೆ. ಸೊಂಟಕ್ಕೆ ಕೈ, ಹುಬ್ಬು ಮೇಲೆ, "ಏ, ಯಾವನಂವಾ ಪಲ್ಯ ಬಿಟ್ಟಾಂವ?" ಒಂದು ದಿನ ಅವರು ಬೆನ್ನ ಹಿಂದೆಯೇ ನಿಂತಿದ್ದರು. ಬೆಂಚಿನವರೆಲ್ಲ ತಟ್ಟೆಯೊಳಗೆ ಮುಖ ಹುದುಗಿಸಿದರು. ನೀಲಕ್ಕ ಸಿಟ್ಟಾಗಲಿಲ್ಲ. "ದನಿ ಸ್ವಲ್ಪ ಸಣ್ಣಾತು. ಇನ್ನೊಂದ ರೊಟ್ಟಿ ತಿನ್ನು, ಗಟ್ಟಿ ಬರ್ತದ," ಅಂದು ಬಡಿಸಿದರು.

ಒಲೆಯ ಪಕ್ಕದ ಗೋಡೆಯಲ್ಲಿ ಒಂದು ಹಳೇ ಕ್ಯಾಲೆಂಡರು. ದೊಡ್ಡನೆಕ್ಕುಂದಿಯ ಯಾವುದೋ ಹಾರ್ಡ್‌ವೇರ್ ಅಂಗಡಿಯದು. ತಾರೀಖುಗಳನ್ನು ಹರಿದೆಸೆದು ಎಷ್ಟೋ ವರ್ಷವಾಗಿತ್ತು, ಚಿತ್ರ ಮಾತ್ರ ಉಳಿದಿತ್ತು: ಬಿಳಿ ಬೆಟ್ಟ, ಕೆಳಗೆ ತಳ ಕಾಣುವ ಕೆರೆ. ಒಗ್ಗರಣೆಯ ಹೊಗೆಗೆ ಬೆಟ್ಟ ಹಳದಿಯಾಗಿತ್ತು. ಅಲ್ಲೇ ಹತ್ತಿರದ ವರ್ತೂರು ಕೆರೆಯ ಕೊಳಚೆ ನೊರೆ ಕಂಡಿದ್ದ ನೀಲಕ್ಕನಿಗೆ ಈ ಚಿತ್ರದ ಮೇಲೆ ಮೊದಲಿಂದಲೂ ಅನುಮಾನ.

"ಇದು ಖರೇನ ಐತೇನೋ, ಇಲ್ಲಾ ಯಾರರ ಕುಂತು ಬರದಾರೋ?"

"ನಿಜವಾಗ್ಲೂ ಇದೆ ಅಕ್ಕ."

"ನೀ ನೋಡೀಯೇನು?"

ನೋಡಿರಲಿಲ್ಲ.

ಆಮೇಲೆ ಅವರ ಮಂಡಿ ಕೈಕೊಟ್ಟಿತು. ಆಪರೇಷನ್ ಆಗಬೇಕು, ಇನ್ನು ಒಲೆ ಮುಂದೆ ನಿಲ್ಲುವ ಹಾಗಿಲ್ಲ ಅಂದರು ಡಾಕ್ಟರು. ಖಾನಾವಳಿ ಮುಚ್ಚಿ ವಿಜಯಪುರ ಜಿಲ್ಲೆಯ ಇಂಡಿಯಲ್ಲಿ ತಮ್ಮನ ಮನೆಗೆ ಹೋಗುವುದೆಂದಾಯಿತು. ಹೋಗುವ ಮುಂಚೆ ಏನು ಬೇಕು ಅಂತ ಹುಡುಗರೆಲ್ಲ ಕೇಳಿದಾಗ, ಲಟ್ಟಣಿಗೆಯಿಂದ ಗೋಡೆ ತೋರಿಸಿದರು. "ಕಾಲು ನಡೀತಿರುವಾಗ ಅದು ಖರೇ ಐತೋ ಸುಳ್ಳೋ ನೋಡಬೇಕು."

ಚಿತ್ರದಲ್ಲಿದ್ದದ್ದು ಯಾವುದೋ ಹೊರದೇಶದ ಕೆರೆ, ಅಷ್ಟು ದೂರ ನಮ್ಮಿಂದಾಗದು. ಕಾರು ಚಾಂಗು ಕೆರೆಯ ದಂಡೆವರೆಗೂ ಹೋಗುತ್ತೆ ಅಂತ ಸಿಕ್ಕಿಂ ಆರಿಸಿದೆ. ನಾನು, ರೂಮ್‌ಮೇಟ್ ಸತೀಶ, ನೀಲಕ್ಕ. ಕಷ್ಟ ಶುರುವಾಗಿದ್ದು ಊಟದಲ್ಲಿ. ನೀಲಕ್ಕ ಮೊಟ್ಟೆ ಸೋಕಿದ ಚಮಚವನ್ನೂ ಮುಟ್ಟುವವರಲ್ಲ. ಗ್ಯಾಂಗ್‌ಟಾಕಿನ ಹೋಟೆಲುಗಳಿಗೆಲ್ಲ ನನ್ನಿಂದ ಫೋನು ಮಾಡಿಸಿ, ಕೊನೆಗೆ ಕಿತ್ತುಕೊಂಡು ತಾವೇ ವಿಚಾರಿಸಿದರು: "ಭಯ್ಯಾ, ಅಂಡೇ ಕಾ ಚಮ್ಚಾ ಅಲಗ್ ಹೈ ಕ್ಯಾ? ಮೊಮೊ ಏಕೀ ಬರ್ತನ್ ಮೇ ಬೇಯಿಸ್ತೇ ಕ್ಯಾ?" ಪಾಸಾಗಿದ್ದು ಎರಡೇ ಹೋಟೆಲು. ಆ ಎರಡರ ಟೈಮಿಗೆ ಸರಿಯಾಗಿ ಇಡೀ ಹಿಮಾಲಯವನ್ನು ಕತ್ತರಿಸಿ ಕೂರಿಸಿದೆ. ಕೆರೆಗೆ ಹೊರಟ ಬೆಳಿಗ್ಗೆ, ನೀವು ಕಟ್ಟಿಕೊಂಡು ಬಂದ ರೊಟ್ಟಿ ಗಂಟು ರೂಮಲ್ಲೇ ಇರಲಿ ಅಕ್ಕ, ಊಟ ಬುಕ್ ಆಗಿದೆ ಅಂದವನೂ ನಾನೇ.

ಈಗ ಹೂಡಿಯ ಆ ಜಾಗದಲ್ಲಿ ಬಿರಿಯಾನಿ ಅಂಗಡಿ ಇದೆ. ಕ್ಯಾಲೆಂಡರಿನ ಹಾಳೆಯನ್ನು ನೀಲಕ್ಕ ನನಗೆ ಕೊಟ್ಟು ಹೋದರು, ಮೂಗಿಗೆ ಹಿಡಿದರೆ ಇನ್ನೂ ಬೆಳ್ಳುಳ್ಳಿ. ಸತೀಶ ಆಗಾಗ "ಮಗಾ, ನೀಲಕ್ಕನ್ ಥರ ಮಾಡೋ" ಅಂತಾನೆ. ಮಾಡ್ತೀನಿ. ಆದರೆ ಚಾಂಗು ಕೆರೆಯ ದಂಡೆಯ ನೀಲಕ್ಕನನ್ನು ಮಾಡಲು ನನಗೆ ಇವತ್ತಿಗೂ ಬಂದಿಲ್ಲ.

ಆ ದಿನ ಕಾರು ತಿರುವು ದಾಟಿದ್ದೇ ಕೆರೆ ಎದುರಿಗಿತ್ತು. ಮೇ ತಿಂಗಳು, ಬೆಟ್ಟದ ತಲೆಗಳ ಮೇಲೆ ಇನ್ನೂ ಹಿಮ. ಕೆಳಗೆ ನೀರು ಅಲ್ಲಾಡದೆ ಮಲಗಿತ್ತು. ಬೆಟ್ಟಗಳೆಲ್ಲ ಅದರೊಳಗೆ ತಲೆಕೆಳಗಾಗಿ ಇಳಿದಿದ್ದವು. ಎಲ್ಲಿ ನೆಲ ಮುಗಿಯಿತು, ಎಲ್ಲಿ ಆಕಾಶ ಶುರುವಾಯಿತು ಅಂತ ಕಣ್ಣಿಗೆ ತಿಳಿಯಲಿಲ್ಲ. ಬಾಯಿಗೆ ಬಂದಿದ್ದ ಜೋಕು ಅಲ್ಲೇ ಕರಗಿತು. ನೀಲಕ್ಕ ಒಂದು ಕೈಲಿ ಸತೀಶನ ಭುಜ ಹಿಡಿದು ಮೆಲ್ಲಗೆ ದಂಡೆಗಿಳಿದರು, ಚಪ್ಪಲಿ ಬಿಟ್ಟರು, ಬಂಡೆಯ ಮೇಲೆ ಕೂತರು. ನೀರಿನಡಿಯ ಕಲ್ಲುಗಳು ಒಂದೊಂದೂ ಕಾಣುತ್ತಿದ್ದವು. ಅವರು ಬೆರಳು ಅದ್ದಿದರು. ಅಲೆ ಎದ್ದು ಒಂದು ಬೆಟ್ಟ ನಡುಗಿತು. ತಕ್ಷಣ ಕೈ ತೆಗೆದು, ತಪ್ಪು ಮಾಡಿದವರಂತೆ ಸೆರಗಿಗೆ ಒರೆಸಿಕೊಂಡರು. ನೀರು ಮತ್ತೆ ಸುಮ್ಮನಾಗುವವರೆಗೂ ಕಾದರು. ಮೇಲೆ ಮೊಮೊ ಅಂಗಡಿಗಳಿಂದ ಹಬೆ ಏಳುತ್ತಿತ್ತು, ಅವರು ಆ ಕಡೆ ತಿರುಗಲೂ ಇಲ್ಲ.

ಮುಕ್ಕಾಲು ಗಂಟೆ ಮುಗಿಯಿತು. ಡ್ರೈವರ್ ಹಾರ್ನ್ ಹೊಡೆದ. ಸತೀಶ ನನ್ನ ಕಡೆ ನೋಡಿದ, ನಾನು ಫೋನ್ ನೋಡಿದೆ. ಈಗ ಹೊರಡದಿದ್ದರೆ ಪಾಸಾಗಿದ್ದ ಆ ಹೋಟೆಲು ಮುಚ್ಚುತ್ತಿತ್ತು, ಸಂಜೆವರೆಗೂ ಉಪವಾಸ. ಮೆಲ್ಲಗೆ ಹತ್ತಿರ ಹೋದೆ.

"ನೀಲಕ್ಕ, ಲೇಟಾಯ್ತು. ಊಟ ತಪ್ಪೋಗುತ್ತೆ."

ಅವರು ನೀರಿನಿಂದ ಕಣ್ಣು ತೆಗೆಯಲಿಲ್ಲ.

"ತಪ್ಪಲಿ ಬಿಡೋ ತಮ್ಮಾ. ಊಟ ಎಲ್ಲಿಗಿ ಹೋಗ್ತದ? ನೀನೂ ಕುಂಡ್ರು, ಮೊದಲ ನೋಡು."