ನಾಲೆ ತಿರುವಿನಲ್ಲಿ ಎತ್ತಿದ ಕೈ

ದೆವ್ವ, ಮಾಯ, ಕಣ್ಣಿಗೆ ಕಾಣಿಸಿಕೊಳ್ಳುವುದು ಇಂಥ ಮಾತು ಶುರುವಾದರೆ ನಾನು ಎದ್ದು ಒಲೆಯ ಮೇಲೆ ಏನಿದೆ ನೋಡಲು ಹೋಗುತ್ತಿದ್ದವಳು. ವಾದ ಮಾಡುವಷ್ಟು ಆಸಕ್ತಿಯೂ ಇರಲಿಲ್ಲ. ಅಮಾವಾಸ್ಯೆ ಸಂಜೆ ಹುಣಸೆ ಮರದ ಕಡೆ ಹೋಗಬೇಡ ಎಂದು ನಮ್ಮತ್ತೆ ಹೇಳಿದರೆ, ಆಯ್ತತ್ತೆ ಅಂದು, ಒಣಗಿದ ಬಟ್ಟೆ ತರಲು ಆ ಮರದ ಕೆಳಗೇ ಹೋಗಿ ಬರುತ್ತಿದ್ದೆ. ಏನೂ ಆಗುತ್ತಿರಲಿಲ್ಲ.

ಈಗ ನಾನೇ ಅಂಥದ್ದೊಂದನ್ನು ಬರೆಯಲು ಕೂತಿದ್ದೇನೆ. ನಂಬಿ ಎಂದು ನಿಮ್ಮನ್ನು ಕೇಳುವುದಿಲ್ಲ. ನಡೆದದ್ದರಲ್ಲಿ ಅರ್ಧ ನಮ್ಮ ಮನೆಯವರಿಗೆಲ್ಲ ಗೊತ್ತು, ಬಂದವರಿಗೆಲ್ಲ ಹೇಳುತ್ತಾರೆ. ಉಳಿದರ್ಧ ನನಗೊಬ್ಬಳಿಗೇ ಗೊತ್ತು. ಅದನ್ನು ನನ್ನ ತಮ್ಮನಿಗೆ ಹೇಳಬೇಕಿತ್ತು. ಆರು ವರ್ಷವಾಯಿತು, ಹೇಳಿಲ್ಲ.

ನಾವು ಹಾಸನದಲ್ಲಿರುವವರು. ನಾನು ಮನೆಯಲ್ಲೇ ರವಿಕೆ ಹೊಲಿಯುತ್ತೇನೆ. ನಮ್ಮ ಯಜಮಾನರಿಗೆ ಕಾಲೇಜೊಂದರ ಲ್ಯಾಬಿನಲ್ಲಿ ಕೆಲಸ. ಮಗಳ ಮದುವೆಯಾದ ಮೇಲೆ ಭಾನುವಾರಗಳು ಉದ್ದವಾದವು. ಆಗ ಇವರು ಬೈಕು ಒರೆಸಿ, "ನಡಿ, ಎಲ್ಲಾದರೂ ಹೋಗಿ ಬರೋಣ" ಅನ್ನತೊಡಗಿದರು. ಪಕ್ಕದ ಮನೆಯ ಪ್ರಕಾಶಣ್ಣ, ವಿಮಲಕ್ಕ ಜೊತೆಯಾದರು. ಚನ್ನರಾಯಪಟ್ಟಣದಲ್ಲಿ ಗೊಬ್ಬರದ ಅಂಗಡಿ ಇಟ್ಟಿರುವ ನನ್ನ ತಮ್ಮ ಲೋಕೇಶನೂ ಸೇರಿಕೊಂಡ. ಅವನ ಹೆಂಡತಿ ಸುಧಾಳಿಗೆ ಬೈಕಿನ ಹಿಂದೆ ಕೂತರೆ ತಲೆ ಸುತ್ತುತ್ತದೆ, ಅವಳು ಬರುತ್ತಿರಲಿಲ್ಲ. ಹೀಗೆ ಮೂರು ಬೈಕು, ಐದು ಜನ. ತಿಂಗಳಿಗೊಂದು ಭಾನುವಾರ. ಎಲ್ಲಿಗೆ ಹೋದೆವು, ಏನು ಕಟ್ಟಿಕೊಂಡೆವು ಎಂದು ಅಡುಗೆಮನೆಯ ಕ್ಯಾಲೆಂಡರಿನ ಆಯಾ ತಾರೀಖಿನ ಚೌಕದಲ್ಲಿ ಬರೆದಿಡುವುದು ನನ್ನ ಅಭ್ಯಾಸ. ಹಳೆಯ ಕ್ಯಾಲೆಂಡರುಗಳನ್ನು ನಾನು ಎಸೆಯುವುದಿಲ್ಲ. "ಶೆಟ್ಟಿಹಳ್ಳಿ. ಚರ್ಚಿನ ಒಳಗೂ ನೀರು. ಬಿಸಿಲು. ಚಿತ್ರಾನ್ನ ಹಳಸಿತು" ಎಂದು ಒಂದು ಚೌಕದಲ್ಲಿದೆ.

ನಮ್ಮದೊಂದು ಪದ್ಧತಿ ಇತ್ತು. ಮುಂದೆ ಪ್ರಕಾಶಣ್ಣನ ಬೈಕು, ನಡುವೆ ನಮ್ಮದು, ಕೊನೆಗೆ ಲೋಕೇಶ. ದಾರಿ ತಿರುಗುವಲ್ಲಿ, ಕವಲಾಗುವಲ್ಲಿ ಪ್ರಕಾಶಣ್ಣ ನಿಲ್ಲಿಸುತ್ತಿದ್ದರು. ನಾನು ಹಿಂದಕ್ಕೆ ತಿರುಗಿ ನೋಡಿ, ಲೋಕೇಶನ ಬೈಕು ಕಂಡಿತೆಂದರೆ ಬಲಗೈಯನ್ನು ನೆಟ್ಟಗೆ ಮೇಲೆತ್ತುವುದು. ಅದನ್ನು ಕನ್ನಡಿಯಲ್ಲಿ ನೋಡಿ ಅವರು ಮುಂದೆ ಹೊರಡುವುದು. ನನ್ನ ಕೈ ಏಳದೆ ಯಾರೂ ಕದಲುವಂತಿಲ್ಲ. ಒಮ್ಮೆ ಅರಕಲಗೂಡಿನ ಹತ್ತಿರ ಲೋಕೇಶ ಬೇರೆ ಕವಲು ಹಿಡಿದು ಎರಡು ಗಂಟೆ ಹುಡುಕಾಡಿದ ಮೇಲೆ ಈ ನಿಯಮ ಮಾಡಿದವಳು ನಾನೇ. ಹಿಂದೆ ಕೂತವಳಿಗೆ ಬೇರೇನು ಕೆಲಸ ಹೇಳಿ.

ಆ ಭಾನುವಾರ ರಾಮನಾಥಪುರಕ್ಕೆ ಹೋಗಿದ್ದೆವು. ದಸರಾ ಕಳೆದಿತ್ತು. ದಾರಿಯುದ್ದಕ್ಕೂ ಹೊಗೆಸೊಪ್ಪಿನ ಬೇಲು ಹೇರಿದ ಗಾಡಿಗಳು, ಮೂಗಿಗೆ ಅದರದೇ ಘಾಟು. ಹೊಳೆಯ ಮೀನಿಗೆ ಪುರಿ ಹಾಕಿ, ಮೆಟ್ಟಿಲ ಮೇಲೆ ಕೂತು ಊಟ ಬಿಚ್ಚಿದೆವು. ಚಪಾತಿ, ಹುಚ್ಚೆಳ್ಳು ಚಟ್ನಿಪುಡಿ, ಮೊಸರನ್ನ. ನಾನು ಎಲೆಗೆ ಮೂರರಂತೆ ಚಪಾತಿ ಎಣಿಸಿ ಇಡುತ್ತಿದ್ದೆ.

"ಏನಕ್ಕ, ಮೀನೂ ಎಣಿಸ್ಬುಟ್ಯಾ? ಒಂದು ಕಮ್ಮಿ ಅದೆ ನೋಡು" ಅಂದ ಲೋಕೇಶ. ಎಲ್ಲರೂ ನಕ್ಕರು. ನಾನೂ ನಕ್ಕೆ. ನಕ್ಕಿದ್ದೇ ತಪ್ಪಾಯಿತು, ಅವನು ನಿಲ್ಲಿಸಲಿಲ್ಲ. "ಭಾವ, ನೀವೆಂಗೆ ತಡ್ಕತೀರಾ? ಇವ್ಳ ಜತೆ ಬರೋದೂ ಒಂದೇ, ಇಸ್ಕೂಲ್ ಟೂರ್ ಓಗೋದೂ ಒಂದೇ. ತಿರುವಿಗೊಂದು ಹಾಜ್ರಿ!" ವಿಮಲಕ್ಕನಿಗೆ ನಗು ತಡೆಯದೆ ಮಜ್ಜಿಗೆ ನೆತ್ತಿಗೇರಿತು. ನಾನು ಬುತ್ತಿಯ ಮುಚ್ಚಳ ಹಾಕತೊಡಗಿದೆ. ಆಗ ಅವನು ಅಂದ: "ನಂಗೂ ನಲವತ್ತಾಯ್ತು ಕಣಕ್ಕ. ನೀನು ತಿರುಗಿ ನೋಡ್ದೆ ಇದ್ರೆ ನಾನು ಮನೆ ಸೇರಾಕಿಲ್ವಾ?"

ಅವನಿಗೂ ನನಗೂ ಎಂಟು ವರ್ಷದ ಅಂತರ. ಅಮ್ಮ ಗದ್ದೆಗೆ ಹೋದರೆ ಅವನನ್ನು ಸೊಂಟದ ಮೇಲೆ ಹೊತ್ತು ತಿರುಗಿದವಳು ನಾನು. ಅವನು ತಮಾಷೆಗೇ ಅಂದದ್ದು, ಅದು ಆಗಲೂ ಗೊತ್ತಿತ್ತು. ಆದರೂ ಚುಚ್ಚಿತು.

ಹೊರಟಾಗ ನಾಲ್ಕೂವರೆ ದಾಟಿತ್ತು. ಹಳ್ಳಿಮೈಸೂರಿನ ಮೇಲೆ ಹೊಳೆನರಸೀಪುರಕ್ಕೆ ಬಂದು, ಅಲ್ಲಿ ಕಾಫಿ ಕುಡಿದು, ಲೋಕೇಶ ಚನ್ನರಾಯಪಟ್ಟಣದ ಕಡೆಗೆ, ನಾವು ಹಾಸನದ ಕಡೆಗೆ ಎಂದು ಮಾತಾಗಿತ್ತು. ದಾರಿಯಲ್ಲಿ ತುಂತುರು ಹಿಡಿಯಿತು. ನಾನು ಹಳದಿ ರೇನ್‌ಕೋಟು ಹಾಕಿಕೊಂಡೆ. ಅದೂ ಲೋಕೇಶನದೇ, ಅವನಿಗೆ ಬಿಗಿಯಾಗಿ ನನಗೆ ಬಂದದ್ದು. ಮೊಣಕೈ ಹತ್ತಿರ ಹರಿದಿದ್ದಕ್ಕೆ ಕರೀ ಟೇಪು ಸುತ್ತಿದ್ದೆ.

ಹಳ್ಳಿಮೈಸೂರು ದಾಟಿ ಸ್ವಲ್ಪ ದೂರಕ್ಕೆ ನಾಲೆಯ ಸೇತುವೆ, ಅದು ಮುಗಿಯುತ್ತಲೇ ಎಡಕ್ಕೆ ದೊಡ್ಡ ತಿರುವು. ದೀಪ ಹಚ್ಚುವ ಹೊತ್ತು. ಪ್ರಕಾಶಣ್ಣ ಎಂದಿನಂತೆ ನಿಲ್ಲಿಸಿದರು. ನಮ್ಮವರೂ ಕಾಲು ಊರಿ, "ಬಂದ್ನಾ?" ಎಂದರು.

ನಾನು ತಿರುಗಲಿಲ್ಲ. ಮಳೆ ಇತ್ತು, ಟೋಪಿ ಕಣ್ಣಿಗೆ ಬರುತ್ತಿತ್ತು, ಕುತ್ತಿಗೆ ನೋಯುತ್ತಿತ್ತು. ಇವೆಲ್ಲ ನಿಜ, ಆದರೆ ಕಾರಣ ಇವಲ್ಲ. ನಾನು ನೋಡದಿದ್ದರೂ ಮನೆ ಸೇರುತ್ತೀಯಲ್ಲ, ಸೇರು ನೋಡೋಣ ಎಂದುಕೊಂಡೆ. ಬಲಗೈಯನ್ನು ನೆಟ್ಟಗೆ ಎತ್ತಿದೆ. "ಬಂದ, ನಡೀರಿ" ಅಂದೆ. ಪ್ರಕಾಶಣ್ಣನ ಬೈಕು ಹೊರಟಿತು, ಹಿಂದೆ ನಮ್ಮದು.

ಹೊಳೆನರಸೀಪುರದಲ್ಲಿ ಹೋಟೆಲಿನ ಮುಂದೆ ಇಳಿದು ರೇನ್‌ಕೋಟನ್ನು ಬೈಕಿನ ಮೇಲೆ ಹರಡಿ ಒಳಗೆ ಹೋದೆವು. ಐದು ಕಾಫಿ ಹೇಳಿದೆವು. ನಾಲ್ಕು ಕುಡಿದೆವು, ಐದನೆಯದು ಕೆನೆಗಟ್ಟಿತು. ಇವರು ಎರಡು ಸಲ ಫೋನ್ ಮಾಡಿದರು. ರಿಂಗಾಯಿತು, ಎತ್ತಲಿಲ್ಲ.

"ನೀನು ಕೊನೇಲಿ ಅವನನ್ನ ನೋಡಿದ್ದು ಎಲ್ಲಿ?" ಎಂದು ಕೇಳಿದರು.

ಆಗಲಾದರೂ ಹೇಳಬಹುದಿತ್ತು. "ನಾಲೆ ತಿರುವಲ್ಲಿ. ಲೈಟು ಕಾಣಿಸ್ತು" ಅಂದೆ. ಇದು ಎರಡನೆಯ ಸುಳ್ಳು.

"ಹಾಗಾದ್ರೆ ತಿರುವಿನಿಂದ ಈಚೆಗೇ ಎಲ್ಲೋ ನಿಂತಿದಾನೆ. ಪಂಕ್ಚರ್ ಇರಬೇಕು. ಅಲ್ಲೀತನಕ ನೋಡ್ಕೊಂಡು ಬಂದ್ರೆ ಸಾಕು" ಎಂದರು ಪ್ರಕಾಶಣ್ಣ. ಅಲ್ಲ, ತಿರುವಿನ ಆಚೆಗೂ ನೋಡಿ ಎನ್ನಲು ನನ್ನ ಬಾಯಿ ಏಳಲಿಲ್ಲ. ಅಷ್ಟರಲ್ಲಿ ಇವರು ಮೂರನೆಯ ಸಲ ಮಾಡಿದ ಫೋನನ್ನು ಯಾರೋ ಎತ್ತಿದರು. ಗದ್ದಲವಿತ್ತೆಂದು ಇವರು ಸ್ಪೀಕರ್ ಹಾಕಿದ್ದರು, ಆ ಮಾತು ನಾವು ನಾಲ್ವರೂ ಕೇಳಿದೆವು.

"ಸಾ, ನಿಮ್ಮೋರು ಬಿದ್ಬುಟ್ಟವ್ರೆ ಸಾ. ನಾಲೆ ಸೇತ್ವೆ ಪಕ್ಕ, ಕೆಳಗೆ ಗದ್ದೇಲಿ. ಉಸ್ರಾಡ್ತಾವ್ರೆ. ಕಾಲು ಮುರಿದದೆ. ನಾನು ಆಂಬುಲೆನ್ಸ್‌ಗೆ ಯೋಳಿವ್ನಿ, ಬೇಗ ಬನ್ನಿ. ಅಮ್ಮಾರು ಒಬ್ರೇ ನಿಂತವ್ರೆ."

"ಯಾವ ಅಮ್ಮ?" ಎಂದರು ಇವರು.

"ಅದೇ ಸಾ, ಹಳದಿ ಕೋಟು ಆಕ್ಕಂಡಿರೋರು. ರೋಡಲ್ಲಿ ಕೈ ಎತ್ಕಂಡು ನಿಂತಿದ್ರು, ಅದ್ಕೇ ನಾನು ಗಾಡಿ ನಿಲ್ಲಿಸ್ದೆ. ಇನ್ನೂ ಅಂಗೇ ನಿಂತವ್ರೆ. ಕೂಗುದ್ರೂ ಮಾತಾಡಾಕಿಲ್ಲ."

ಇವರು ನನ್ನನ್ನು ನೋಡಿದರು. ವಿಮಲಕ್ಕ ನನ್ನನ್ನು ನೋಡಿದರು. ನಾನು ಬಾಗಿಲಾಚೆ ನೋಡಿದೆ. ನನ್ನ ಹಳದಿ ರೇನ್‌ಕೋಟು ಬೈಕಿನ ಮೇಲಿಂದ ನೀರು ಸುರಿಸುತ್ತಾ ಬಿದ್ದಿತ್ತು.

ನಾವು ಹೋಗುವ ಹೊತ್ತಿಗೆ ಆತ ಲೋಕೇಶನ ತಲೆಯನ್ನು ತನ್ನ ತೊಡೆಯ ಮೇಲಿಟ್ಟುಕೊಂಡು ಕೂತಿದ್ದ. ಹೆಸರು ಜವರಣ್ಣ, ಡೈರಿಗೆ ಹಾಲು ಹಾಕಿ ಮೊಪೆಡ್ಡಿನಲ್ಲಿ ಬರುತ್ತಿದ್ದವನು. ಸೇತುವೆಯ ಮೇಲೆ ಟ್ರಾಕ್ಟರು ಮೆತ್ತಿಹೋಗಿದ್ದ ಕೆಸರಿಗೆ ಜಾರಿ ಲೋಕೇಶನ ಬೈಕು ಏರಿಯ ಕೆಳಗೆ ಉರುಳಿತ್ತು. ರಸ್ತೆಯಿಂದ ಏನೂ ಕಾಣುತ್ತಿರಲಿಲ್ಲ. ಜವರಣ್ಣ ಟಾರ್ಚು ಎತ್ತಿ ನನ್ನ ಮುಖ ನೋಡಿ, "ಇದೇನವ್ವ, ಈಗ ತಾನೆ ಮೇಲ್ಗಡೆ ಇದ್ರಿ, ಆ ಕಡೆಯಿಂದ ಎಂಗೆ ಬಂದ್ರಿ?" ಎಂದ. ನಾನು ಲೋಕೇಶನ ಪಕ್ಕ ಕೆಸರಿನಲ್ಲೇ ಕೂತೆ.

ತಿರುವಿನಿಂದ ಆ ಸೇತುವೆ ನೆಟ್ಟಗೆ ಕಾಣುತ್ತದೆ. ನಾನು ತಿರುಗಿ ನೋಡಿದ್ದರೆ ಬರುತ್ತಿರುವ ಲೈಟು ಇಲ್ಲ ಎಂದು ತಿಳಿಯುತ್ತಿತ್ತು. ಕೈ ಏಳುತ್ತಿರಲಿಲ್ಲ. ಐದು ನಿಮಿಷದಲ್ಲಿ ನಾವೇ ಹಿಂದಕ್ಕೆ ಹೋಗಿರುತ್ತಿದ್ದೆವು. ಅವನು ಅರ್ಧ ಗಂಟೆಯ ಮೇಲೆ ಗದ್ದೆಯ ನೀರಿನಲ್ಲಿ ಬಿದ್ದಿದ್ದ. ಇನ್ನೂ ತಡವಾಗಿದ್ದರೆ ಕಾಲು ಉಳಿಸುವುದು ಕಷ್ಟವಿತ್ತು ಎಂದು ಹಾಸನದ ಡಾಕ್ಟರು ಹೇಳಿದರು.

ಮೂರನೆಯ ದಿನ ಆಸ್ಪತ್ರೆಯಲ್ಲಿ ನಾನು ಅವನಿಗೆ ಗಂಜಿ ಕುಡಿಸುತ್ತಿದ್ದೆ. ಹೇಳಿಬಿಡಬೇಕೆಂದು ಮನೆಯಿಂದಲೇ ಗಟ್ಟಿಮಾಡಿಕೊಂಡು ಬಂದಿದ್ದೆ. ಚಮಚ ಕೆಳಗಿಟ್ಟು "ಲೋಕೇಶ" ಅಂದೆ. ಅವನೇ ಮೊದಲು ಮಾತಾಡಿದ.

"ಅಕ್ಕ, ನೀನು ಏರಿ ಮೇಲೆ ನಿಂತಿದ್ದೆ. ನಾನು ಎಷ್ಟು ಕೂಗ್ದೆ. ಕೆಳಕ್ಕೆ ಇಳೀಲೇ ಇಲ್ಲ ನೀನು. ಮೆಟ್ಲ ಮೇಲೆ ರೇಗುಸ್ದೆ ಅಂತ ಸಿಟ್ಟು ಮಾಡ್ಕಂಡಿದ್ದೀಯ ಅಂದ್ಕಂಡೆ." ಆಮೇಲೆ ಹೇಳಿದ: "ಸಿಟ್ಟಿದ್ರೂ ಬುಟ್ಟು ಓಗ್ಲಿಲ್ವಲ್ಲ, ಅದೇ ನಂಗೆ ಧೈರ್ಯ."

ನಾನು ಚಮಚ ಎತ್ತಿಕೊಂಡು ಗಂಜಿ ಕುಡಿಸಿದೆ.

ಮನೆಯಲ್ಲಿ ಇದು ಅಕ್ಕನ ಪ್ರೀತಿಯ ಕತೆಯಾಗಿ ಬೆಳೆಯಿತು. ದೇಹ ಹೊಳೆನರಸೀಪುರದಲ್ಲಿದ್ದರೂ ಜೀವ ತಮ್ಮನ ಹತ್ತಿರ ನಿಂತಿತ್ತು ಎಂದು ವಿಮಲಕ್ಕ ಬೀದಿಗೆಲ್ಲ ಹೇಳಿದರು. ಸುಧಾ ಬಂದವಳೇ ನನ್ನ ಕಾಲು ಮುಟ್ಟಿದಳು. ಕಾಲು ಹಿಂದಕ್ಕೆ ಎಳೆದುಕೊಂಡೆ. ಎಂಥ ಸಂಕೋಚದ ಹೆಂಗಸು ಎಂದು ಅದಕ್ಕೂ ಹೊಗಳಿದರು. ನಮ್ಮವರು ಮಾತ್ರ, ಯಾರೋ ಊರಿನ ಹೆಂಗಸು ಮಳೆಗೆ ಹಳದಿ ಗೊಬ್ಬರದ ಚೀಲವನ್ನು ತಲೆಗೆ ಕೊಪ್ಪೆ ಹಾಕಿಕೊಂಡು ಬಸ್ಸಿಗೆ ಕೈ ಎತ್ತಿರಬೇಕು ಎಂದರು. ನಾನೂ ಅದನ್ನೇ ಹಿಡಿದುಕೊಂಡೆ. ಆದರೆ ಕೋಟಿನ ತೋಳಿಗೆ ಕರೀ ಟೇಪು ಸುತ್ತಿತ್ತು ಎಂದು ಜವರಣ್ಣ ಆಮೇಲೆ ಹೇಳಿದ. ವಾಪಸು ಹೋದಾಗ ನಾನು ಅದೇ ಕೋಟು ಹಾಕಿಕೊಂಡಿದ್ದೆ, ಆಗ ನೋಡಿದ್ದನ್ನು ಬೆರೆಸಿಕೊಂಡಿರಬಹುದು. ಹೀಗೂ ಯೋಚಿಸಿದ್ದೇನೆ. ಹೊಲಿಗೆ ಮಿಷನ್ ಮುಂದೆ ಕೂತು ಎಲ್ಲ ಥರದಲ್ಲೂ ಯೋಚಿಸಿದ್ದೇನೆ. ಆ ಊರಿನ ಹೆಂಗಸೇ ಆಗಿದ್ದರೆ, ಜವರಣ್ಣ ಕೂಗಿದಾಗ ಮಾತಾಡಬೇಕಿತ್ತಲ್ಲ? ಕೈ ಒಮ್ಮೆಯಾದರೂ ಇಳಿಸಬೇಕಿತ್ತಲ್ಲ?

ಆ ದಿನದ ಚೌಕದಲ್ಲಿ "ರಾಮನಾಥಪುರ. ಮಳೆ. ಲೋಕೇಶ ಬಿದ್ದ" ಎಂದಷ್ಟೇ ಇದೆ. ಮುಂದೆ ಜಾಗವಿದೆ. ಬರೆದಿಲ್ಲ.

ಲೋಕೇಶ ಎಂಟು ತಿಂಗಳಿಗೆ ನಡೆದ, ಎರಡು ವರ್ಷಕ್ಕೆ ಮತ್ತೆ ಬೈಕು ಹತ್ತಿದ. ಎಡಗಾಲು ಸ್ವಲ್ಪ ಎಳೆಯುತ್ತದೆ. ಈಗ ಎಣಿಕೆಯ ತಮಾಷೆ ಮಾಡುವುದಿಲ್ಲ. ಯಾರಾದರೂ ಮಾಡಿದರೆ, "ನಮ್ಮಕ್ಕ ಎಣಿಸ್ಲಿ ಸುಮ್ಕಿರಿ" ಅನ್ನುತ್ತಾನೆ. ಆಗ ನನಗೆ ಎಲ್ಲಿ ನೋಡಬೇಕೆಂದು ತಿಳಿಯುವುದಿಲ್ಲ.

ಹಳ್ಳಿಮೈಸೂರಿನ ದಾರಿಯನ್ನು ನಾವು ಬಿಟ್ಟೇಬಿಟ್ಟಿದ್ದೆವು. ಹೋದ ತಿಂಗಳು ಅವನೇ ಹಟ ಮಾಡಿ ಆ ದಾರಿಯಲ್ಲಿ ಕರೆದುಕೊಂಡು ಬಂದ. ನಾಲೆ ತಿರುವಿನಲ್ಲಿ ಪ್ರಕಾಶಣ್ಣ ನಿಲ್ಲಿಸಿದರು. ಮಧ್ಯಾಹ್ನ ಮೂರು ಗಂಟೆ, ಒಳ್ಳೆ ಬಿಸಿಲು. ನಾನು ಪೂರ್ತಿ ತಿರುಗಿ ನೋಡಿದೆ. ಲೋಕೇಶ ಸೇತುವೆ ದಾಟಿ ಬರುತ್ತಿದ್ದ. ಕೈ ಎತ್ತಬೇಕು, ಏಳಲಿಲ್ಲ. ತೊಡೆಯ ಮೇಲಿದ್ದ ಊಟದ ಚೀಲವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು, "ಬಂದ, ಹಾರನ್ ಮಾಡಿ" ಎಂದೆ. ಇವರು ಹಾರನ್ ಮಾಡಿದರು. ಅಷ್ಟರಲ್ಲಿ ಹಿಂದೆ ಲೋಕೇಶ ತಾನೇ ಕೈ ಎತ್ತಿ ಬೀಸಿದ, ನಗುತ್ತಾ.

ಹೊಳೆನರಸೀಪುರದಲ್ಲಿ ಕಾಫಿಗೆ ಕೂತಾಗ, "ಅದ್ಯಾರಿಗೆ ಕೈ ಬೀಸಿದ್ದು?" ಎಂದು ಕೇಳಿದೆ.

"ನಿಂಗೇ ಕಣಕ್ಕ, ಇನ್ಯಾರ್ಗೆ? ನೀನು ಎತ್ತಿದ್ಯಲ್ಲ, ಅದ್ಕೆ ನಾನೂ ಎತ್ತುದೆ."

ಅವನ ಮುಖ ನೋಡಿದೆ. ತಮಾಷೆ ಇರಲಿಲ್ಲ. ಈಗ ಹೇಳಬೇಕು, ಇದಕ್ಕಿಂತ ಒಳ್ಳೆ ಹೊತ್ತು ಸಿಗುವುದಿಲ್ಲ ಎನಿಸಿತು. ಬಾಯಿ ತೆರೆದೆ ಕೂಡ. ಹುಡುಗ ಕಾಫಿ ತಂದಿಟ್ಟ, ಐದು ಲೋಟ.

"ಬಿಸಿ ಇರುವಾಗಲೇ ಕುಡಿಯೋ" ಎಂದೆ.